ಬಲೂನು ಹುಡುಕುತ್ತಿದ್ದ ಗಿರಿಜಾ ಮೇಡಂ

ಗಿರಿಜಾ ಮೇಡಂ ಯಾರ ಹೊಲಕ್ಕೆ ಇಳಿದರೂ ಮೊದಲು ಚಪ್ಪಲಿ ಬಿಡುತ್ತಿದ್ದರು. ಅವನ್ನು ಎಡಗೈಯಲ್ಲಿ ಹಿಡಿದು, ಬದುವಿನ ಮೇಲೆ ನಿಂತು ಬೆಳೆ ವಿಚಾರಿಸಿ, ಆಮೇಲೆ ಆಕಾಶದಿಂದ ಬಿದ್ದ ನಮ್ಮ ಡಬ್ಬದ ಮಾತು ತೆಗೆಯುತ್ತಿದ್ದರು. ಚಾಮರಾಜನಗರದ ಅರಿಸಿನ ವ್ಯಾಪಾರಿಯ ಮಗಳು. ಭೌತಶಾಸ್ತ್ರ ಓದಿ ಡಾಕ್ಟರೇಟ್ ಪಡೆದಿದ್ದರು. ಚೌಕಾಸಿ ಅಪ್ಪನಿಂದ ಬಂದದ್ದು.

ತೊಂಬತ್ತರ ದಶಕದ ಆರಂಭದಲ್ಲಿ ನಾನು ಅವರ ಸಂಶೋಧನಾ ಕೇಂದ್ರದಲ್ಲಿ ತಾತ್ಕಾಲಿಕ ಸಹಾಯಕಿ. ಹರದನಹಳ್ಳಿ ಹತ್ತಿರದ ಬಯಲಿನಿಂದ ದೊಡ್ಡ ಪ್ಲಾಸ್ಟಿಕ್ ಬಲೂನು ಹಾರಿಸುತ್ತಿದ್ದೆವು. ಅದರ ಕೆಳಗೊಂದು ಡಬ್ಬ, ಡಬ್ಬದೊಳಗೆ ಕಪ್ಪು ಕಾಗದ ಸುತ್ತಿದ ಫಿಲ್ಮ್ ಹಾಳೆಗಳು. ಬಾಹ್ಯಾಕಾಶದಿಂದ ಬರುವ ಕಿರಣಗಳು ಅವುಗಳಲ್ಲಿ ಗೆರೆ ಮೂಡಿಸುತ್ತಿದ್ದವು. ಬೆಳಕು ತಾಗಿದರೆ ಎಲ್ಲ ಹಾಳು. ಗಾಳಿ ನೋಡಿ, ಬೀಳುವ ಜಾಗ ಲೆಕ್ಕ ಹಾಕಿ ಡೈರಿಯಲ್ಲಿ ಬರೆಯುವುದು ನನ್ನ ಕೆಲಸ. ಜೀಪಿನಲ್ಲಿ ಹೋಗಿ ಅದೇ ಸಂಜೆ ಬಿಡಿಸಿಕೊಂಡು ಬರುವುದು ಅವರದು.

"ಡಬ್ಬ ನಮ್ದು, ಪ್ಲಾಸ್ಟಿಕ್ ನಿಮ್ದು ಕಣಣ್ಣ" ಎಂಬುದು ಅವರ ಒಪ್ಪಂದ. ಅರಿಸಿನದ ರಾಶಿಗೆ ಹೊದಿಸಲು ಆ ಪ್ಲಾಸ್ಟಿಕ್ ಹೇಳಿ ಮಾಡಿಸಿದಂತಿತ್ತು. ಯಾರೂ ತಕರಾರು ಮಾಡುತ್ತಿರಲಿಲ್ಲ.

ಒಮ್ಮೆ ಪುಣಜನೂರಿನಲ್ಲಿ ಒಬ್ಬ ಹೆಂಗಸು ಡಬ್ಬದ ಮೇಲೇ ಕುಳಿತಿದ್ದಳು. "ಏನವ್ವ, ಮ್ಯಾಲಿಂದ ಇದ ಬೀಳ್ಸಕೆ ಸರ್ಕಾರ ಸಂಬ್ಳ ಕೊಟ್ಟದಾ?"

"ಬೀಳದು ತಾನಾಗೇ ಬಿದ್ದದೆ ಕಣಕ್ಕ. ಅದ ಉಡ್ಕಕೆ ನಮ್ಗೆ ಸಂಬ್ಳ."

"ಅಂಗಾದ್ರೆ ನಮ್ಮ ಎಮ್ಮೆನೂ ಉಡ್ಕೊಡು. ಬೆಳಿಗ್ಗಿಂದ ಕಾಣೆ."

ಮೇಡಂ ಜೀಪಿನ ಬಾನೆಟ್ ಹತ್ತಿ ನಿಂತು ಸುತ್ತ ನೋಡಿ, ಕೆರೆಯ ಕಡೆ ಕೈ ತೋರಿಸಿದರು. ಎಮ್ಮೆ ಅಲ್ಲೇ ಇತ್ತು. ಡಬ್ಬ ಸಿಕ್ಕಿತು.

ಮರುವರ್ಷ ಸರ್ಕಾರ ಅನುದಾನ ಕಡಿತ ಮಾಡಿತು. ಹಿಂದಿನ ವರ್ಷದ ನನ್ನ ಡೈರಿಯಲ್ಲಿ ಆರು ಹಾರಾಟಗಳಿವೆ; ಆ ವರ್ಷದ್ದರಲ್ಲಿ ಒಂದು. ಜೀಪೂ ಹೋಯಿತು. ದೆಹಲಿಯಿಂದ ಬಂದ ಅಧಿಕಾರಿ ಕಾಫಿ ಕುಡಿಯುತ್ತಾ, ಈ ಒಂದರ ಫಲಿತಾಂಶ ನೋಡಿಯೇ ಕೇಂದ್ರ ಉಳಿಸುವ ತೀರ್ಮಾನ ಎಂದರು. ಮೇಡಂ ಆ ಅಧಿಕಾರಿಯ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದರು.

ಆ ಬಲೂನು ಗುಂಡ್ಲುಪೇಟೆಯ ಆಚೆ ಬಿತ್ತು. ಬಸ್ಸಿನಲ್ಲಿ ಹೋಗಿ, ಊರೂರು ಕೇಳುತ್ತಾ ನಡೆದೆವು. ಮೊದಲ ದಿನ ಸಿಗಲಿಲ್ಲ. ರಾತ್ರಿ ಜೋರು ಮಳೆ. ಮರುದಿನ ಮಧ್ಯಾಹ್ನ ಮಾದಪ್ಪ ಎಂಬ ರೈತನ ಕಣ ತಲುಪಿದೆವು. ಬೇಯಿಸಿದ ಅರಿಸಿನ ಒಣಹಾಕಿದ್ದ ಕಣದ ಒಂದು ಮೂಲೆಯಲ್ಲಿ ನಮ್ಮ ಫಿಲ್ಮ್ ಹಾಳೆಗಳು ಸಾಲಾಗಿ ಬಿಸಿಲಿಗೆ ಬಿದ್ದಿದ್ದವು. ಗಾಳಿಗೆ ಹಾರದಂತೆ ಒಂದೊಂದರ ಮೇಲೂ ಒಂದೊಂದು ಅರಿಸಿನದ ಕೊಂಬು.

"ಡಬ್ಬದ ಮ್ಯಾಲೆ ತೆಗೀಬ್ಯಾಡಿ ಅಂತ ಬರ್ದಿತ್ತು ಕಣವ್ವ, ಓದ್ದೆ" ಎಂದ ಮಾದಪ್ಪ. "ಆದ್ರೆ ಡಬ್ಬದೊಳ್ಗೆ ನೀರು ತುಂಬ್ಕಂಡಿತ್ತು. ಬುಟ್ರೆ ಕೊಳ್ತೋಯ್ತವೆ ಅಂತ ಬಿಡ್ಸಿ ಒಣ್ಗಾಕ್ಬುಟ್ಟೆ. ಚೆನ್ನಾಗಿ ಒಣ್ಗವಾ?"

ಮೇಡಂ ಒಂದು ಹಾಳೆ ಎತ್ತಿ ನೋಡಿದರು. ಚಪ್ಪಲಿ ಇನ್ನೂ ಎಡಗೈಯಲ್ಲೇ ಇತ್ತು.

"ಚೆನ್ನಾಗಿ ಒಣ್ಗವೆ ಕಣಣ್ಣ. ಪ್ಲಾಸ್ಟಿಕ್ ನೀವೇ ಇಟ್ಕಳಿ."

ಮಾದಪ್ಪ ಮಜ್ಜಿಗೆ ಕೊಟ್ಟ. ಕುಡಿದೆವು. ಮೇಡಂ ಹಾಳೆಗಳನ್ನು ಜೋಡಿಸಿ ಡಬ್ಬಕ್ಕೆ ಹಾಕಿದರು. ಕಪ್ಪು ಕಾಗದ ಸುತ್ತಲಿಲ್ಲ. ವರದಿಯಲ್ಲಿ ಏನು ಬರೆಯಲಿ ಎಂದು ಕೇಳಿದೆ. "ಮಳೆ ಅಂತ ಬರಿ. ಮಾದಪ್ಪನ ಹೆಸರು ಬೇಡ" ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಕಂಡಕ್ಟರ್ ಡಬ್ಬವನ್ನು ಬೆರಳಿನಿಂದ ತಟ್ಟಿದ. "ಲಗೇಜು ಆಯ್ತದೆ ಮೇಡಂ. ಏನದೆ ಇದ್ರೊಳ್ಗೆ?"

"ಏನೂ ಇಲ್ಲ ಕಣಪ್ಪ."

"ಏನೂ ಇಲ್ದೆ ಇದ್ಮೇಲೆ ಟಿಕೀಟ್ಯಾಕೆ? ತೊಡೆ ಮ್ಯಾಲೆ ಮಡೀಕಳಿ."

ಮಡಗಿಕೊಂಡರು. ಚಾಮರಾಜನಗರದಲ್ಲಿ ಇಳಿದು, "ನಾಳೆ ನಿಧಾನವಾಗಿ ಬಾಮ್ಮ, ಅವಸರ ಏನಿಲ್ಲ" ಎಂದರು. ಮರುದಿನ ನಾನು ಹೊತ್ತಿಗೆ ಸರಿಯಾಗಿಯೇ ಹೋದೆ. ನಾನು ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ, ಅವರು ನನಗಿಂತ ಮುಂಚೆ ಬಂದಿರಲಿಲ್ಲ.