ಅಲ್ತಾರಿನ ಡ್ರಾಯರಿನಲ್ಲಿಟ್ಟ ಫೋನ್

ರಿಶೆಲ್, ಶಿಫಾ ನಿನ್ನನ್ನು ಬಿಟ್ಟು ಹೋಗಲಿಲ್ಲ. ಅವಳನ್ನು ದೂರ ಕಳಿಸಿದವಳು ನಾನು, ನಿನ್ನ ಗ್ರ್ಯಾನಿ. ನಿನ್ನ ಫೋನಿನಿಂದ, ನಿನ್ನ ಹೆಸರಿನಲ್ಲಿ.

ಇದನ್ನು ಇಂಗ್ಲಿಷಿನಲ್ಲಿ ಬರೆದಿದ್ದರೆ ನಿನಗೆ ಓದಲು ಸುಲಭವಾಗುತ್ತಿತ್ತು. ಆದರೆ ಆ ತಪ್ಪನ್ನು ನಾನು ಇಂಗ್ಲಿಷಿನಲ್ಲೇ ಮಾಡಿದ್ದು. ಕಾನ್ವೆಂಟಿನಲ್ಲಿ ಕಲಿತು, ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದ ಆ ಭಾಷೆಯಲ್ಲಿ ಇನ್ನೊಮ್ಮೆ ಚೆಂದವಾಗಿ ಬರೆಯಲು — ಬೇಡ, ಕೈ ಏಳುವುದಿಲ್ಲ.

ಎರಡು ವರ್ಷದ ಹಿಂದಿನ ಲೆಂಟ್. ಈಸ್ಟರಿಗೆ ಮೊದಲಿನ ಆ ಉಪವಾಸದ ದಿನಗಳಲ್ಲಿ ಒಬ್ಬೊಬ್ಬರೂ ತಮಗೆ ಇಷ್ಟವಾದದ್ದೊಂದನ್ನು ಬಿಡುವುದು ನಮ್ಮ ಕುಲಶೇಖರದ ಮನೆಯಲ್ಲಿ ನನ್ನ ಅತ್ತೆಯ ಕಾಲದಿಂದ ನಡೆದು ಬಂದ ಕ್ರಮ. ಕುವೈಟಿನಿಂದ ನಿನ್ನ ಮಮ್ಮಿಗೆ ನಿನ್ನದೇ ಚಿಂತೆ: ಊಟಕ್ಕೂ ಫೋನ್, ಬಾತ್‌ರೂಮಿಗೂ ಫೋನ್, ಸಂಜೆ ತೇರ್ಸಿನ ಜಪಮಾಲೆಗೆ ಮೊಣಕಾಲೂರಿದರೂ ಮಡಿಲಲ್ಲಿ ಅದರ ಬೆಳಕು. ಈ ಸಲ ಫೋನ್ ಬಿಡು ಎಂದು ನಾನು ಹೇಳಿದಾಗ ನೀನು ಸೊಂಟಕ್ಕೆ ಕೈಕೊಟ್ಟು ನಿಂತೆ.

"ಹಾಗಾದ್ರೆ ನೀವು ಮೀನು ಬಿಡ್ಬೇಕು ಗ್ರ್ಯಾನಿ. ಬಂಗುಡೆ ಇಲ್ಲದಿದ್ರೆ ನಿಮಗೆ ಅನ್ನ ಇಳಿಯುದಿಲ್ಲ. ನೋಡುವ, ಯಾರು ಫಸ್ಟ್ ಸೋಲುದು ಅಂತ!"

ನಾನು ಒಪ್ಪಿದೆ. ನೀನು ಫೋನನ್ನು ಅಲ್ತಾರಿನ, ಅಂದರೆ ನಮ್ಮ ದೇವರ ಪೀಠದ, ಕೆಳಗಿನ ಡ್ರಾಯರಿನಲ್ಲಿ, ಮೇಣದ ಬತ್ತಿಗಳ ಪಕ್ಕ ಇಟ್ಟೆ. ಆದರೆ ಒಂದು ಕೋರಿಕೆ ಉಂಟು ಎಂದೆ. ಶಿಫಾಳ ಸ್ಟ್ರೀಕ್.

ಶಿಫಾ ನಿನ್ನ ಕ್ಲಾಸ್‌ಮೇಟ್, ಫಳ್ನೀರಿನ ಬ್ಯಾರಿ ಮುಸ್ಲಿಮರ ಮನೆಯ ಹುಡುಗಿ. ಅಪ್ಪನ ಅಂಗಡಿ ಸೌದಿಯಲ್ಲಿ ಎಂದು ಆ ವರ್ಷ ಅವಳನ್ನೂ ಕರೆದುಕೊಂಡು ಹೋಗಿದ್ದರು. ಅಂದಿನಿಂದ ನೀವಿಬ್ಬರೂ ದಿನಕ್ಕೊಂದು ಫೋಟೋ ಕಳಿಸಿಕೊಳ್ಳುತ್ತಿದ್ದಿರಿ. ಒಂದು ದಿನ ತಪ್ಪಿದರೂ ಹೆಸರಿನ ಪಕ್ಕದ ಬೆಂಕಿಯ ಗುರುತು ಆರಿಹೋಗುತ್ತದಂತೆ.

"ಎಂತದ್ದಾದ್ರೂ ಆಗ್ತದೆ ಗ್ರ್ಯಾನಿ, ಗೋಡೆಯ ಫೋಟೋ ಆದ್ರೂ. ಪ್ರಾಮಿಸ್ ಮಾಡಿ."

ಪ್ರಾಮಿಸ್ ಮಾಡಿದೆ. ಈಸ್ಟರ್ ತನಕ ಮಾತಿಲ್ಲ, ಫೋಟೋ ಮಾತ್ರ ಎಂದು ನೀನು ಅವಳಿಗೆ ಹೇಳಿಟ್ಟಿದ್ದೆ; ಕಳಿಸುವವಳು ನಾನೆಂದು ಹೇಳಿರಲಿಲ್ಲ. ಮೊದಮೊದಲು ಕಳಿಸಿದೆ ಕೂಡ. ಗೋಡೆ, ಚಹದ ಕಪ್, ಅಂಗಳದ ಮಲ್ಲಿಗೆ. ಅತ್ತ ಕಡೆಯಿಂದ ಅವಳ ಅರ್ಧ ಮುಖ, ಒಂದು ಕಿಟಕಿ, ಮರಳಿನ ಬಣ್ಣದ ಆಕಾಶ.

ಆ ದಿನಗಳಲ್ಲಿ ನೀನು — ನೆನಪಿದೆಯಾ? — ಸಂಜೆ ಬಂದು ನನ್ನ ಪಕ್ಕ ಕುಳಿತುಕೊಳ್ಳುತ್ತಿದ್ದೆ. ಬೀನ್ಸ್ ಹೆಚ್ಚುತ್ತಿದ್ದೆ. ನನ್ನ ಹಾಸ್ಟೆಲಿನ ಕಥೆಗಳನ್ನು ಕೇಳುತ್ತಿದ್ದೆ. ನಮಗೆ ಬಂದ ಕಾಗದಗಳನ್ನು ವಾರ್ಡನ್ ಸಿಸ್ಟರ್ ಒಡೆದು ಓದಿಯೇ ಕೊಡುತ್ತಿದ್ದರು ಎಂದಾಗ, "ಹೌ ಮೀನ್!" ಎಂದು ಕೂಗಿದವಳು ನೀನು. ಹೌದು, ನೀಚತನವೇ ಎಂದು ನಾನೂ ಹೇಳಿದ್ದೆ. ಇಷ್ಟು ವರ್ಷದ ಮೇಲೆ ಮನೆಯಲ್ಲಿ ನನಗೊಬ್ಬಳು ಕಂಪೆನಿ ಸಿಕ್ಕಿದ್ದಳು. ಈಸ್ಟರ್ ಬಂದರೆ ನೀನು ಮತ್ತೆ ಆ ಬೆಳಕಿನೊಳಗೆ ಹೋಗಿಬಿಡುವೆ ಎಂದು ನಾನು ದಿನ ಎಣಿಸಲು ಹೆದರುತ್ತಿದ್ದೆ.

ಒಂದು ಮಧ್ಯಾಹ್ನ ನೀನು ಶಾಲೆಯಲ್ಲಿದ್ದಾಗ ಶಿಫಾ ಫೋಟೋದ ಬದಲು ನಾಲ್ಕು ಮಾತು ಬರೆದು ಕಳಿಸಿದಳು. ಮಲ್ಲಿಗೆ ಚೆಂದ ಉಂಟು, ಇಲ್ಲಿ ನನಗೆ ಮಾತಾಡಲು ಯಾರೂ ಇಲ್ಲ, ನಿನ್ನ ಲೆಂಟ್ ಯಾವಾಗ ಮುಗಿಯುತ್ತದೆ, ನಾನೂ ದಿನ ಎಣಿಸುತ್ತಿದ್ದೇನೆ — ಹೀಗೆ.

ನಾನು ಕನ್ನಡಕ ಹಾಕಿಕೊಂಡೆ. ಒಂದು ಬೆರಳಿನಲ್ಲಿ, ನಿಧಾನವಾಗಿ, ಒಂದೂ ತಪ್ಪಿಲ್ಲದ ಇಂಗ್ಲಿಷಿನಲ್ಲಿ ಬರೆದೆ: "ಈ ಲೆಂಟಿಗೆ ನಾನು ನಿನ್ನನ್ನೂ ಬಿಟ್ಟಿದ್ದೇನೆ. ದಯವಿಟ್ಟು ಇನ್ನು ಏನೂ ಕಳಿಸಬೇಡ."

ಕೆಳಗೆ ನಿನ್ನ ಹೆಸರು.

ಸ್ವಲ್ಪ ಹೊತ್ತಿಗೆ "ಓಕೆ" ಎಂದು ಬಂತು. ಅಷ್ಟೇ. ಫೋನನ್ನು ಡ್ರಾಯರಿನಲ್ಲಿಟ್ಟೆ. ಮರುದಿನ ತೆಗೆದು ನೋಡಿದರೆ ಅಲ್ಲಿ ಏನೂ ಇರಲಿಲ್ಲ, ನನ್ನ ಮಾತೂ ಇಲ್ಲ, ಅವಳದ್ದೂ ಇಲ್ಲ. ಆ ಆಪಿನಲ್ಲಿ ಓದಿದ್ದು ತಾನಾಗಿಯೇ ಅಳಿಸಿಹೋಗುತ್ತದಂತೆ. ನಾನು ಅಳಿಸಬೇಕಾಗಿಯೂ ಬರಲಿಲ್ಲ.

ಏಕೆ ಮಾಡಿದೆ? ನಿನ್ನ ಒಳ್ಳೆಯದಕ್ಕೆ ಎಂದು ಬಹಳ ದಿನ ಹೇಳಿಕೊಂಡೆ. ಅಲ್ಲ. ನನಗೆ ಹೊಟ್ಟೆಕಿಚ್ಚು. ಮತ್ತೆ — ಇದನ್ನೂ ಬರೆಯಬೇಕು — ಆ ಹುಡುಗಿಯ ಹೆಸರು ನಮ್ಮವರ ಯಾವುದಾದರೂ ಹೆಸರಾಗಿದ್ದರೆ ನನ್ನ ಬೆರಳು ಅಷ್ಟು ಸಲೀಸಾಗಿ ಓಡುತ್ತಿತ್ತೇ? ಓಡುತ್ತಿತ್ತು ಎನ್ನಲು ಆಸೆ. ಆದರೆ...

ಈಸ್ಟರ್ ದಿನ ಇಗರ್ಜಿಯಿಂದ ಬಂದು, ಚಪ್ಪಲಿಯನ್ನೂ ಬಿಚ್ಚದೆ ನೀನು ಡ್ರಾಯರ್ ಎಳೆದೆ. ಅವಳ ಹೆಸರು ಎಲ್ಲೂ ಸಿಗಲಿಲ್ಲ. ನಿನ್ನನ್ನು ಬ್ಲಾಕ್ ಮಾಡಿದ್ದಳು.

"ಗ್ರ್ಯಾನಿ, ದಿನಾ ಕಳಿಸಿದ್ರಿ ಅಲ್ವಾ?"

"ಕಳಿಸಿದೆ," ಎಂದೆ.

ನೀನು ನಂಬಿದೆ. ಆ ಲೆಂಟಿನಲ್ಲಿ ನಾನು ಮೀನಿನ ಒಂದು ತುಂಡನ್ನೂ ಮುಟ್ಟಿರಲಿಲ್ಲ, ಗೊತ್ತಾ? ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಆಮೇಲೆ ಒಂದು ದಿನ ಫಳ್ನೀರಿನ ಕ್ಲಿನಿಕ್ಕಿನಲ್ಲಿ ಶಿಫಾಳ ಅಜ್ಜಿ ಸಿಕ್ಕಿದರು. ನಿಮ್ಮ ಸ್ಕೂಲ್ ಡೇಗೆ ಬಂದು ನನ್ನ ಪಕ್ಕದಲ್ಲಿ ಕುಳಿತಿದ್ದವರು. ಕೈ ಹಿಡಿದುಕೊಂಡರು.

"ಎಂತ ಟೀಚರೇ, ನಿಮಗೂ ಮೊಣಗಂಟು ನೋವಾ? ನಮ್ಮನ್ನು ಇನ್ನು ಗುಜರಿಗೇ ಹಾಕ್ಬೇಕು!" ನಕ್ಕರು. ಆಮೇಲೆ ದನಿ ತಗ್ಗಿಸಿದರು. "ನಿಮ್ಮ ಮೊಮ್ಮಗಳು ಯಾಕೆ ಹಾಗೆ ಮಾಡಿದ್ಳು? ನಮ್ಮ ಮಗು ಎರಡು ದಿನ ಊಟ ಮಾಡ್ಲಿಲ್ಲ ಅಂತೆ. ಎಂತ ತಪ್ಪು ಮಾಡಿದೆ ಅಂತ ಕೇಳಿ ಕೇಳಿ ಅತ್ತದ್ದಂತೆ."

ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇನ್ನು ಬರುವುದಿತ್ತೇ? ಎರಡು ವಾಕ್ಯ ಸಾಕಿತ್ತು. ನಾನು "ಹೌದಾ?" ಎಂದೆ. ನರ್ಸ್ ನನ್ನ ಹೆಸರು ಕರೆದಳು. ಎದ್ದು ಹೋದೆ. ಕಳೆದ ಮಳೆಗಾಲದಲ್ಲಿ ಆ ಅಜ್ಜಿ ತೀರಿಕೊಂಡರೆಂದು ಕೇಳಿದೆ. ಅವರ ಫ್ಲ್ಯಾಟಿಗೆ ಹೋದೆ — ಬೀಗ. ಕೆಳಗಿನವರ ಹತ್ತಿರ ನಂಬರ್ ಇರಲಿಲ್ಲ.

ಈಗ ನೀನು ಆ ಹೆಡ್‌ಫೋನ್ ಹಾಕಿಕೊಂಡು ಗೇಮ್ ಆಡುತ್ತೀಯ, ಮುಖ ತಿಳಿಯದ ಯಾರೊಟ್ಟಿಗೋ. ಅವರ ಹೆಸರು ಎಂತ ಎಂದು ಒಮ್ಮೆ ಕೇಳಿದ್ದೆ. "ಹೆಸರು ಯಾಕೆ ಗ್ರ್ಯಾನಿ? ನಾಳೆ ಅವರಿಲ್ಲದಿದ್ರೆ ಬೇರೆಯವರು ಬರ್ತಾರೆ," ಎಂದೆ. ಕಣ್ಣು ಸ್ಕ್ರೀನಿನಲ್ಲೇ ಇತ್ತು. ಫೋನ್ ನಿನ್ನನ್ನು ಹಾಳು ಮಾಡಿತು ಎಂದು ನಿನ್ನ ಮಮ್ಮಿ ಅಳುತ್ತಾಳೆ. ಹೌದು ಹೌದು ಎಂದು ನಾನು ತಲೆಯಾಡಿಸುತ್ತೇನೆ.

ಮತ್ತೆ ಲೆಂಟ್ ಬಂದಿದೆ. ನಿನ್ನೆ ನಿನ್ನ ಮಮ್ಮಿ ಕುವೈಟಿನಿಂದ ಫೋನ್ ಮಾಡಿ ನನಗೆ ಹೇಳಿದಳು: "ಮಮ್ಮೀ, ಈ ಸಲವೂ ಅವಳ ಫೋನ್ ನೀವೇ ಇಟ್ಕೊಳ್ಳಿ. ನಿಮ್ಮ ಮಾತಾದ್ರೆ ಕೇಳ್ತಾಳೆ."

ಇದನ್ನು ಹೇಳಿದರೆ ಏನಾಗುತ್ತದೆ? ಶಿಫಾ ಎಲ್ಲಿದ್ದಾಳೋ ನನಗೆ ಗೊತ್ತಿಲ್ಲ. ಆರಿದ ಆ ಬೆಂಕಿಯನ್ನು ಹೊತ್ತಿಸುವ ಬಟನ್ ಆ ಆಪಿನಲ್ಲಿ ಉಂಟೋ ಇಲ್ಲವೋ, ಅದೂ ಗೊತ್ತಿಲ್ಲ. ನಿನಗೆ ಉಳಿದಿರುವ ಒಬ್ಬಳು ಗ್ರ್ಯಾನಿಯೂ ಹೋಗಬಹುದು.

ಆದರೂ ದಿನಾ ತೇರ್ಸ್ ಮುಗಿದ ಮೇಲೆ ನಮ್ಮ ಕ್ರಮದಂತೆ ನೀನು ನನ್ನ ಮುಂದೆ ತಲೆ ಬಗ್ಗಿಸಿ ಬೆಸಾಂವ್ ಕೇಳುತ್ತೀಯ. ಆಶೀರ್ವಾದ ಅಷ್ಟೇ, ಆದರೆ ಫೋನನ್ನು ಬೆನ್ನ ಹಿಂದೆ ಹಿಡಿದುಕೊಂಡಾದರೂ ಕೇಳುತ್ತೀಯ. ಎರಡು ವರ್ಷದಿಂದ ನಿನ್ನ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿದ್ದು ಅದೇ ಬೆರಳು.

ಇವತ್ತು ಹಾಕುವುದಿಲ್ಲ. ಮೊದಲು ಇದನ್ನು ನಾನೇ ಓದಿ ಹೇಳುತ್ತೇನೆ. ಆಮೇಲೆ ತಲೆ ಬಗ್ಗಿಸುತ್ತೀಯೋ, ಎದ್ದು ನಿನ್ನ ಕೋಣೆಯ ಬಾಗಿಲು ಹಾಕಿಕೊಳ್ಳುತ್ತೀಯೋ — ನಾನು ಅಲ್ಲೇ, ಅಲ್ತಾರಿನ ಎದುರು, ಕುಳಿತಿರುತ್ತೇನೆ.