ಹಳದಿ ಸ್ಪಂಜಿನ ಮೈಕು

ಹೋದ ವಾರ ಕೀಬೋರ್ಡಿನ ಬ್ಯಾಗನ್ನು ಒಗೆಯಲು ಹಾಕುವ ಮುಂಚೆ ಜೇಬುಗಳನ್ನು ತಡಕಿದೆ. ಕೆಟ್ಟುಹೋದ ಅಡಾಪ್ಟರು, ಯಾವುದೋ ಮದುವೆಯ ತಾಂಬೂಲದ ಚೀಲ, ಅದರೊಳಗೆ ಒಣಗಿ ಕಲ್ಲಾದ ಅಡಿಕೆ. ಪಕ್ಕದ ಜೇಬಿನಲ್ಲಿ ಮೈಕಿಗೆ ಹಾಕುವ ಹಳದಿ ಸ್ಪಂಜಿನ ಟೋಪಿ ಸಿಕ್ಕಿತು. ಮೂಗಿಗೆ ಹಿಡಿದೆ. ಅತಿಮಧುರದ ಬೇರು, ಲವಂಗ, ಅದರ ಹಿಂದೆ ಸ್ವಲ್ಪ ಎಂಜಲಿನ ವಾಸನೆ. ಬ್ಯಾಗು ಒಗೆಯಲಿಲ್ಲ. ಸ್ಪಂಜು ಹಿಡಿದುಕೊಂಡು ಮಂಚದ ಮೇಲೆ ಕುಳಿತಿದ್ದೆ... ಎದ್ದಾಗ ನಲ್ಲಿಯಲ್ಲಿ ನೀರು ಬಂದು ನಿಂತೂ ಹೋಗಿತ್ತು.

ಅದು ನಮ್ಮ ಜೂನಿಯರಣ್ಣನ ಸ್ಪಂಜು.

ನಮ್ಮದು ಶಿಡ್ಲಘಟ್ಟದ ಒಂದು ಚಿಕ್ಕ ಆರ್ಕೆಸ್ಟ್ರಾ. ಮದುವೆ ರಿಸೆಪ್ಷನ್, ಗಣೇಶನ ಪೆಂಡಾಲು, ಬೋರ್‌ವೆಲ್ ಮೋಟಾರಿನ ಅಂಗಡಿಯ ಪ್ರಾರಂಭೋತ್ಸವ, ಯಾರು ಕರೆದರೂ ಹೋಗಿ ಸಿನಿಮಾ ಹಾಡು ಹಾಡಿ ಬರುವವರು. ನಾನು ಕೀಬೋರ್ಡು. ಅವರು ಮುಖ್ಯ ಗಾಯಕರು. ಒಬ್ಬ ದೊಡ್ಡ ಗಾಯಕರ ಧ್ವನಿಯನ್ನು ಅಚ್ಚುಹಾಕಿದ ಹಾಗೆ ಹಾಡುತ್ತಿದ್ದುದರಿಂದ, ಫ್ಲೆಕ್ಸಿನಲ್ಲಿ ಆ ದೊಡ್ಡವರ ಹೆಸರಿನ ಮುಂದೆ 'ಜೂನಿಯರ್' ಎಂದು ಸೇರಿಸಿ ಇವರನ್ನು ಪರಿಚಯಿಸುತ್ತಿದ್ದರು. ಅವರ ಸ್ವಂತ ಹೆಸರು ಎಲ್ಲೂ ಇರುತ್ತಿರಲಿಲ್ಲ. ತಲೆ ಪೂರ್ತಿ ಬೆಳ್ಳಗಾದ ಮೇಲೂ ಊರಿಗೆಲ್ಲ ಜೂನಿಯರಣ್ಣನೇ.

"ಸೀನಿಯರ್ ಯಾವಾಗಣ್ಣ ಆಗೋದು?" ಎಂದು ನಮ್ಮ ಡ್ರಮ್ಸಿನವನು ಕೆಣಕುತ್ತಿದ್ದ.

"ಅವ್ರು ಜಾಗ ಬಿಡ್ಲಿ ಕಣಪ್ಪ. ನಾನು ಟವೆಲ್ ಹಾಕಿ ಕಾಯ್ತಾ ಇದೀನಿ" ಎನ್ನುತ್ತಿದ್ದರು.

ಅವರ ಗಂಟಲು ತಯಾರಾದದ್ದು ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ. ಮೊದಲು ಅಲ್ಲಿ ಹರಾಜನ್ನು ಬಾಯಲ್ಲೇ ಕೂಗುತ್ತಿದ್ದರು. ಗೂಡು ಸುರಿದಿಟ್ಟ ಒಂದು ಜಾಲರಿಯಿಂದ ಇನ್ನೊಂದು ಜಾಲರಿಗೆ ನಡೆಯುತ್ತ, ಗಲಾಟೆಯ ಮೇಲೆ ಧ್ವನಿ ಏರಿಸುತ್ತ ಕೂಗಬೇಕಿತ್ತು. ಆಮೇಲೆ ಹರಾಜು ಕಂಪ್ಯೂಟರಿಗೆ ಹೋಯಿತು, ಮೊಬೈಲಿಗೆ ಹೋಯಿತು. ಕೂಗುವವರು ಬೇಕಾಗಲಿಲ್ಲ. ಅಲ್ಲಿಂದ ಸ್ಟೇಜಿಗೆ ಬಂದರು.

ಸ್ಟೇಜಿನಲ್ಲಿ ಅವರದೊಂದು ಕ್ರಮ ಇತ್ತು. ಮೊದಲು ಬರಿಯ ಮೈಕು ಹಿಡಿದು ಸೌಂಡ್ ಚೆಕ್ ಮಾಡುವರು. ಎಲ್ಲ ಸರಿಯಾದ ಮೇಲೆ ಜೇಬಿನಿಂದ ಹಳದಿ ಸ್ಪಂಜು ತೆಗೆದು, ಕಣ್ಣಿಗೆ ಒತ್ತಿಕೊಂಡು, ಮೈಕಿಗೆ ತೊಡಿಸುವರು. ಅಲ್ಲಿಂದ ಮುಂದೆ ಅವರು ಇರುತ್ತಿರಲಿಲ್ಲ. ಹಾಡು ಮಾತ್ರವಲ್ಲ, "ವಧೂವರರಿಗೆ ಶುಭಾಶಯ" ಎನ್ನುವುದೂ, "ಬಿಳಿ ಕಾರು ಗೇಟಿಗೆ ಅಡ್ಡ ಇದೆ, ದಯವಿಟ್ಟು ತೆಗೀರಿ" ಎನ್ನುವುದೂ ಆ ದೊಡ್ಡವರ ಧ್ವನಿಯಲ್ಲೇ. ಹಾಡುವ ಹೆಣ್ಣುಮಗಳು ಬಾರದಿದ್ದರೆ ಯುಗಳಗೀತೆಯ ಎರಡೂ ಭಾಗ ಅವರದೇ. ಬಲಕ್ಕೆ ತಿರುಗಿದರೆ ನಾಯಕ, ಎಡಕ್ಕೆ ತಿರುಗಿದರೆ ನಾಯಕಿ. ಚಿಂತಾಮಣಿಯ ಒಂದು ಛತ್ರದಲ್ಲಿ ಹೆಣ್ಣಿನ ಕಡೆಯವರು ತೆಲುಗು ಹಾಡು ಬೇಕು ಎಂದು, ಗಂಡಿನ ಕಡೆಯವರು ಕನ್ನಡವೇ ಆಗಬೇಕು ಎಂದು ಜಗಳಕ್ಕೆ ನಿಂತರು. ಇವರು ಎರಡು ಭಾಷೆಯಲ್ಲೂ ಬಂದಿದ್ದ ಒಂದೇ ಟ್ಯೂನಿನ ಹಾಡು ಹಿಡಿದು, ಪಲ್ಲವಿ ಕನ್ನಡದಲ್ಲಿ, ಚರಣ ತೆಲುಗಿನಲ್ಲಿ ಹಾಡಿದರು. ಎರಡೂ ಕಡೆಯವರು ತಾವೇ ಗೆದ್ದೆವೆಂದು ಕುಳಿತರು.

ಪೆರೇಸಂದ್ರದ ರಿಸೆಪ್ಷನ್ ಒಂದು ನೆನಪಾಗುತ್ತದೆ. ಊಟದ ಪಂಕ್ತಿ ನಡೆಯುತ್ತಿತ್ತು. ಮಹಡಿಯ ರೂಮಿನಲ್ಲಿ ಮಲಗಿದ್ದ ಮದುಮಗನ ತಾತ ಹೋಗಿಬಿಟ್ಟರು. ಹುಡುಗನ ಸೋದರಮಾವ ಬಂದು ಸ್ಟೇಜಿನ ಹಿಂದಿನಿಂದ ಜೂನಿಯರಣ್ಣನ ಅಂಗಿ ಎಳೆದ.

"ಅಣ್ಣ, ಮೇಲೆ ಹಿಂಗಾಗಿದೆ. ಹೆಂಗಸ್ರು ಅಳ್ತಾ ಅವ್ರೆ. ಊಟ ಮುಗಿಯೋ ತಂಕ ನಿಲ್ಲಿಸ್ಬೇಡಿ. ಸೌಂಡು ಇನ್ನೂ ಸ್ವಲ್ಪ ಕೊಡಿ."

ಕೊಟ್ಟೆವು. ಕುಣಿಯುವ ಹಾಡುಗಳನ್ನೇ ಒಂದರ ಹಿಂದೆ ಒಂದು ಹಿಡಿದೆವು. ಕೆಳಗೆ ಮಕ್ಕಳು ಕುಣಿದವು. ಜೂನಿಯರಣ್ಣ ಹಾಡುತ್ತಲೇ ಒಮ್ಮೆ ಮಹಡಿಯ ಕಡೆ ನೋಡಿ ಕೈ ಮುಗಿದರು. ಜನ ಅದನ್ನೂ ಹಾಡಿಗೆ ಸೇರಿದ ಅಭಿನಯವೆಂದು ಚಪ್ಪಾಳೆ ತಟ್ಟಿದರು. ತಾತನ ಹನ್ನೊಂದನೆಯ ದಿನಕ್ಕೆ ಅದೇ ಮನೆಯವರು ನಮ್ಮನ್ನೇ ಭಜನೆಗೆ ಕರೆದರು. ಅದೇ ಸೆಟ್ಟು, ಅದೇ ಮೈಕು. ವಾಪಸು ಬರುವಾಗ ವ್ಯಾನಿನಲ್ಲಿ ಜೂನಿಯರಣ್ಣ, "ಮುದುಕಪ್ಪ ಒಳ್ಳೇವ್ನು. ನಮ್ಗೆ ಎರಡು ಪ್ರೋಗ್ರಾಂ ಕೊಟ್ಟು ಹೋದ" ಎಂದರು. ಯಾರೂ ನಗಲಿಲ್ಲ, ಆಮೇಲೆ ಎಲ್ಲರೂ ನಕ್ಕೆವು.

ಅವರ ಧ್ವನಿ ಒಡೆಯತೊಡಗಿದ್ದು ಯಾವಾಗ ಎಂದು ಸರಿಯಾಗಿ ಹೇಳಲಾರೆ. ಮೇಲಿನ ಸ್ವರದಲ್ಲಿ ಗಾಳಿ ಮಾತ್ರ ಬರುತ್ತಿತ್ತು. ಅತಿಮಧುರ, ಲವಂಗ, ಬಿಸಿನೀರು. ಯಾವುದೂ ಹಿಡಿಯಲಿಲ್ಲ. ಚಿಕ್ಕಬಳ್ಳಾಪುರದಲ್ಲಿ ತೋರಿಸಿದಾಗ ಗಂಟಲಲ್ಲಿ ಗೆಡ್ಡೆ ಇದೆ ಎಂದರು. ಆಪರೇಷನ್ ಆಗಬೇಕು, ಅಲ್ಲಿಯವರೆಗೆ ಮಾತೂ ಕಡಿಮೆ ಮಾಡಿ ಎಂದರು. ಅವರು ಆಸ್ಪತ್ರೆಯಿಂದ ನೇರ ನಮ್ಮ ಮನೆಗೆ ಬಂದು ಬಾಗಿಲು ಹಾಕಿದರು.

"ಯಾರ್ಗೂ ಹೇಳ್ಬೇಡ" ಎಂದರು ಪಿಸುದನಿಯಲ್ಲಿ. "ಮಾರ್ಕೆಟ್ ಒಂದ್ಸಲ ಸಾಕು ಅಂತು. ಸ್ಟೇಜೂ ಸಾಕು ಅಂದ್ರೆ ನಾನು ಬೆಳಗ್ಗೆ ಎದ್ದು ಏನ್ ಮಾಡ್ಲಿ ಹೇಳು. ನಿನ್ ಹತ್ರ ನನ್ ಹಾಡೆಲ್ಲ ಐತಲ್ಲ?"

ಇದ್ದವು. ಪ್ರೋಗ್ರಾಮುಗಳನ್ನು ಪೆನ್‌ಡ್ರೈವಿಗೆ ರೆಕಾರ್ಡ್ ಮಾಡಿಡುವುದು ನನ್ನ ಅಭ್ಯಾಸ. ಅವುಗಳಿಂದ ಅವರ ಹಾಡುಗಳನ್ನು ಆರಿಸಿ ಒಪ್ಪ ಮಾಡಿದೆ. ಮುಂದಿನ ಪ್ರೋಗ್ರಾಮಿನಿಂದ ಅವರು ಸ್ಪಂಜು ಹಾಕಿದ ಮೈಕು ಹಿಡಿದು ತುಟಿ ಆಡಿಸಿದರು, ನಾನು ಕೀಬೋರ್ಡಿನಿಂದ ಅವರ ಹಳೆಯ ಹಾಡು ಬಿಟ್ಟೆ. ಇಷ್ಟು ವರ್ಷ ಇನ್ನೊಬ್ಬರನ್ನು ಅನುಕರಿಸಿದವರು ಈಗ ತಮ್ಮನ್ನೇ ಅನುಕರಿಸಬೇಕಾಗಿತ್ತು. ಅದು ಅವರಿಗೆ ಅಷ್ಟು ಚೆನ್ನಾಗಿ ಬರಲಿಲ್ಲ. ಉಸಿರು ತೆಗೆದುಕೊಳ್ಳುವ ಜಾಗ ತಪ್ಪುತ್ತಿತ್ತು. "ಇವ್ನ್ಯಾರೋ ಹಾಡಿರೋನು ಸರಿಯಾಗಿ ಉಸ್ರು ಬಿಡಲ್ಲ" ಎಂದು ಬೈದುಕೊಳ್ಳುವರು. ಗೌರಿಬಿದನೂರಿನಲ್ಲಿ ಒಬ್ಬರು ಊಟದ ಎಲೆಯ ಮುಂದೆ ಕೂತು, "ಜೂನಿಯರಣ್ಣ, ವಯಸ್ಸಾದಂಗೆಲ್ಲ ವಾಯ್ಸ್ ಸುಧಾರಿಸ್ತಾ ಐತೆ ನೋಡಿ ನಿಮ್ದು" ಎಂದರು. ಇವರು ಹಪ್ಪಳ ಮುರಿಯುತ್ತ ತಲೆಯಾಡಿಸಿದರು.

ಕೈವಾರದ ಹತ್ತಿರದ ಛತ್ರದಲ್ಲಿ ಅದು ಕೊನೆಯಾಯಿತು. ಹಾಡು ಚರಣಕ್ಕೆ ಬಂದಿತ್ತು, ಕರೆಂಟು ಹೋಯಿತು. ಗಿಟಾರು, ಕೀಬೋರ್ಡು, ಅವರ ಧ್ವನಿ, ಎಲ್ಲ ಒಟ್ಟಿಗೆ ನಿಂತಿತು. ಉಳಿದದ್ದು ಡ್ರಮ್ಸ್ ಒಂದೇ. ಕಿಟಕಿಯಿಂದ ಸಂಜೆಯ ಬೆಳಕು ಬರುತ್ತಿತ್ತು. ಜೂನಿಯರಣ್ಣ ಬಾಯಿ ತೆರೆದುಕೊಂಡೇ ನಿಂತಿದ್ದರು. ಮೈಕು ಸತ್ತರೂ ಹಾಡುವವನ ಗಂಟಲು ಮುಂದಿನ ಸಾಲಿಗಾದರೂ ಕೇಳಬೇಕು. ಏನೂ ಕೇಳಲಿಲ್ಲ. ನಾನು ಕೈ ಎಲ್ಲಿಡಬೇಕೆಂದು ತಿಳಿಯದೆ ಸತ್ತ ಕೀಬೋರ್ಡಿನ ಮೇಲೆ ಒತ್ತುತ್ತಲೇ ಇದ್ದೆ.

ಆಗ ಅವರು ಮೈಕನ್ನು ಜನರ ಕಡೆ ಚಾಚಿದರು. ದೊಡ್ಡ ಗಾಯಕರು ಮಾಡುತ್ತಾರಲ್ಲ, ನೀವು ಹಾಡಿ ಎನ್ನುವಂತೆ, ಹಾಗೆ. ಇನ್ನೊಂದು ಕೈಯಿಂದ ಡ್ರಮ್ಸಿನವನಿಗೆ ನಿಲ್ಲಿಸಬೇಡ ಎಂದರು. ಮೊದಲು ಹಿಂದಿನ ಕುರ್ಚಿಯ ಹುಡುಗಿಯರು ಹಿಡಿದರು, ಆಮೇಲೆ ಹೆಂಗಸರು, ಆಮೇಲೆ ಅಡುಗೆಯವರು. ಇಡೀ ಛತ್ರ ಹಾಡಿತು. ಕರೆಂಟು ಬರುವ ಹೊತ್ತಿಗೆ ಹಾಡು ಮುಗಿದಿತ್ತು. ಅಷ್ಟು ದೊಡ್ಡ ಚಪ್ಪಾಳೆ ನಮಗೆ ಅದಕ್ಕೆ ಮುಂಚೆ ಬಿದ್ದಿರಲಿಲ್ಲ.

ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಅಜ್ಜಿ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಕೋಲೂರಿಕೊಂಡು ಸ್ಟೇಜಿನ ಅಂಚಿಗೆ ಬಂದು, ಅವರನ್ನು ಬಗ್ಗಲು ಹೇಳಿ, ತೆಲುಗಿನಲ್ಲಿ ಮೆಲ್ಲಗೆ ಕೇಳಿದರು.

"ಗೊಂತು ಪೋಯಿಂದಾ ನಾಯನಾ?"

ಗಂಟಲು ಹೋಯಿತೇನಪ್ಪ, ಎಂದು. ಜೂನಿಯರಣ್ಣ ಹೌದೆಂದು ತಲೆಯಾಡಿಸಿದರು. ಅಜ್ಜಿ ಅವರ ಕತ್ತನ್ನು ಒಮ್ಮೆ ಮುಟ್ಟಿ ಊಟಕ್ಕೆ ಹೋದರು. ಇವರು ಮೈಕಿನಿಂದ ಸ್ಪಂಜು ಬಿಚ್ಚಿ ನನ್ನ ಕೀಬೋರ್ಡಿನ ಮೇಲೆ ಇಟ್ಟರು. ಮತ್ತೆ ಅದನ್ನು ವಾಪಸು ಕೇಳಲಿಲ್ಲ. ನಾನು ಅದನ್ನು ಬ್ಯಾಗಿಗೆ ಹಾಕಿಕೊಂಡಿರಬೇಕು... ಹಾಕಿದ್ದು ನೆನಪಿಲ್ಲ.

ಆಪರೇಷನ್ ಆಯಿತು. ಧ್ವನಿ ಪೂರ್ತಿ ಹೋಯಿತು. ಆದರೂ ಫೋನ್ ಮಾಡುವುದು ಬಿಡಲಿಲ್ಲ. ನಾನು ಹಲೋ ಎಂದರೆ ಆ ಕಡೆಯಿಂದ ಉಗುರಿನಲ್ಲಿ ಫೋನು ತಟ್ಟುವ ಸದ್ದು. ಒಂದು ತಟ್ಟಿದರೆ ಹೂಂ, ಎರಡು ತಟ್ಟಿದರೆ ಉಹೂಂ. ಪ್ರೋಗ್ರಾಂ ಹೇಗಾಯಿತು, ಯಾರು ಹಾಡಿದರು, ಎಲ್ಲ ನಾನೇ ಹೇಳಬೇಕು. ಅವರ ಜಾಗಕ್ಕೆ ಬಂದ ಹೊಸ ಹುಡುಗ ಚೆನ್ನಾಗಿ ಹಾಡಿದ ಎಂದರೆ ಎರಡು ತಟ್ಟುವರು.

ಅವರು ಹೋದದ್ದು ಆಷಾಢದಲ್ಲಿ. ಆಷಾಢದಲ್ಲಿ ಮದುವೆ ಇಲ್ಲ, ಆರ್ಕೆಸ್ಟ್ರಾದವರಿಗೆ ಕೆಲಸವಿಲ್ಲ. ಹಾಗಾಗಿ ನಾಲ್ಕು ತಾಲ್ಲೂಕಿನ ಗಾಯಕರೂ ಬಂದಿದ್ದರು. ಸೀಸನ್ನಿನಲ್ಲಿ ಹೋಗಿದ್ದರೆ ಹೆಣ ಹೊರಲು ನಾಲ್ಕು ಜನ ಸಿಗುತ್ತಿರಲಿಲ್ಲ ಎಂದು ಡ್ರಮ್ಸಿನವನು ಅಂದ. ಬೀದಿಯ ತಿರುವಿನಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಿದ್ದರು. ಫ್ಲೆಕ್ಸ್ ಅಂಗಡಿಯವನು ಅವಸರದಲ್ಲಿ ನಮ್ಮ ಹಳೆಯ ಪ್ರೋಗ್ರಾಮಿನ ಡಿಸೈನನ್ನೇ ತಿದ್ದಿದ್ದ. ದೊಡ್ಡ ಗಾಯಕರ ಫೋಟೋ ದೊಡ್ಡದಾಗಿ, ಇವರದು ಮೂಲೆಯಲ್ಲಿ ಚಿಕ್ಕದಾಗಿ ಹಾಗೇ ಇತ್ತು. ಕೆಳಗೆ 'ಭರ್ಜರಿ ರಸಮಂಜರಿ, ಸರ್ವರಿಗೂ ಸುಸ್ವಾಗತ' ಎಂಬ ಸಾಲನ್ನು ಅಳಿಸುವುದು ಮರೆತಿದ್ದ. ದಾರಿಯಲ್ಲಿ ಹೋಗುವವರು ಫೋಟೋ ನೋಡಿ, "ಅಯ್ಯೋ, ಅವ್ರು ಹೋಗ್ಬಿಟ್ರಾ?" ಎಂದು ಗಾಬರಿಯಾಗುತ್ತಿದ್ದರು. ಅಲ್ಲ, ಜೂನಿಯರ್, ಎಂದು ಹೇಳಿದರೆ ಸಮಾಧಾನವಾಗಿ ಮುಂದೆ ಹೋಗುತ್ತಿದ್ದರು.

ಹನ್ನೊಂದನೆಯ ದಿನ ಪೆನ್‌ಡ್ರೈವಿನಿಂದ ಅವರ ಹಾಡುಗಳನ್ನು ಹಾಕಿದೆ. ಬಂದವರೆಲ್ಲ ಕಣ್ಣೊರೆಸಿಕೊಂಡರು. ಅವರ ಹೆಂಡತಿ, ನಾವೆಲ್ಲ ಅಕ್ಕ ಎನ್ನುವವರು, ಒಲೆಯ ಹತ್ತಿರ ಸುಮ್ಮನೆ ಕುಳಿತಿದ್ದರು. ಜನ ಕರಗಿದ ಮೇಲೆ ನನ್ನನ್ನು ಕರೆದರು.

"ಇವೆಲ್ಲ ಬೇರೇವ್ರ ಗಂಟ್ಲು ಕಣಪ್ಪ. ನಮ್ಮನೇಲಿ ಮಾತಾಡ್ತಿದ್ರಲ್ಲ, ಅದು ಇದ್ರೆ ಕೊಡು."

"ಫೋನಲ್ಲಿ ಇರ್ಬೇಕಲ್ಲಕ್ಕ?"

"ಎಲ್ಲಾ ನೋಡ್ದೆ. ಯಾರು ಫೋನ್ ಹಿಡಿದ್ರೂ ಅದೇ ವಾಯ್ಸ್ ಮಾಡು ಅನ್ನೋರು. ಮಗಳ ನಾಮಕರಣದಾಗೂ ಹಂಗೇ ಮಾತಾಡವ್ರೆ. ಹೆಂಗಿತ್ತು ಅಂತ ನಂಗೇ ಮರ್ತೋಗ್ತಾ ಐತೆ... ನೀನು ಹುಡುಕು."

ಹುಡುಕಿದೆ. ಎಲ್ಲ ಪೆನ್‌ಡ್ರೈವುಗಳನ್ನೂ ಮೊದಲಿನಿಂದ ಕೇಳುತ್ತ ಹೋದೆ. ಹಾಡು, ಶುಭಾಶಯ, ಗೇಟಿಗೆ ಅಡ್ಡ ನಿಂತ ಕಾರು, ಎಲ್ಲ ಆ ದೊಡ್ಡವರೇ. ಆಗೆಲ್ಲ ನಾನು ರೆಕಾರ್ಡ್ ಒತ್ತುತ್ತಿದ್ದುದು ಅವರು ಸ್ಪಂಜು ಹಾಕಿದ ಮೇಲೆ. ದಿಬ್ಬೂರಹಳ್ಳಿಯ ಒಂದು ಮದುವೆಯಲ್ಲಿ ಮಾತ್ರ, ಯಾಕೋ, ಮೊದಲೇ ಒತ್ತಿಬಿಟ್ಟಿದ್ದೆ. ಕುರ್ಚಿ ಎಳೆಯುವ ಸದ್ದು, ಮಗು ಅಳುವುದು, ಆಮೇಲೆ ಸ್ವಲ್ಪ ಒರಟಾದ, ಮೂಗಿನಲ್ಲಿ ಬರುವ, ಏನೂ ವಿಶೇಷವಿಲ್ಲದ ಒಂದು ಗಂಡಸಿನ ಧ್ವನಿ.

"ಹಲೋ... ಹಲೋ... ಎಕೋ ಕಮ್ಮಿ ಮಾಡಪ್ಪ. ಇನ್ನೂ ಕಮ್ಮಿ. ಹಾಂ, ಸಾಕು. ಲೋ, ಊಟಕ್ಕೆ ಪಾಯ್ಸ ಐತಂತಾ?"

ಅಷ್ಟೇ. ಆಮೇಲೆ ಸ್ಪಂಜು ತೊಡಿಸುವಾಗ ಉಜ್ಜುವ ಸದ್ದು, ನಂತರ ದೊಡ್ಡವರು.

ಅದನ್ನು ನನ್ನ ಫೋನಿಗೆ ಹಾಕಿಕೊಂಡು ಅಕ್ಕನ ಮನೆಗೆ ಹೋಗಿ, ಫೋನನ್ನು ಅವರ ಕೈಗೆ ಕೊಟ್ಟು ಒತ್ತಿದೆ. ಅವರು ಸೊಪ್ಪು ಬಿಡಿಸುತ್ತಿದ್ದರು. ಕೇಳಿದರು. ಇನ್ನೊಂದು ಸಲ ಹಾಕು ಎಂದರು. ಹಾಕಿದೆ. ಸೆರಗಿನಿಂದ ಫೋನಿನ ಗಾಜು ಒರೆಸಿದರು.

"ಶುಗರ್ ಇಟ್ಕೊಂಡು ಪಾಯ್ಸ ಕೇಳ್ತಾವ್ರೆ ನೋಡಪ್ಪ" ಎಂದರು. "ನನ್ ಹತ್ರ ಮುಟ್ಟೇ ಇಲ್ಲ ಅಂತಿದ್ರು."

ಸೊಪ್ಪು ಬಿಡಿಸಿ ಮುಗಿಸಿದರು. ನಾನು ಕಾಫಿ ಕುಡಿದು ಬಂದೆ.

ಈ ಭಾನುವಾರ ಗೌರಿಬಿದನೂರಿನಲ್ಲಿ ರಿಸೆಪ್ಷನ್ ಇದೆ. ಹೊಸ ಹುಡುಗ ಹಾಡುತ್ತಾನೆ. ಅವನಿಗೆ ಎಕೋ ಜಾಸ್ತಿ ಬೇಕು, ಕೊಡುತ್ತೇವೆ. ಹಳದಿ ಸ್ಪಂಜನ್ನು ಮತ್ತೆ ಅದೇ ಜೇಬಿಗೆ ಹಾಕಿ ಜಿಪ್ ಎಳೆದಿದ್ದೇನೆ. ಈ ವಾರದಲ್ಲಿ ಕೆಲವು ಸಲ ತೆಗೆದು ಮೂಸಿದೆ. ಲವಂಗದ ವಾಸನೆ ಹೋಗಿದೆ, ಅತಿಮಧುರ ಇನ್ನೂ ಸ್ವಲ್ಪ ಇದೆ. ಇನ್ನು ತೆಗೆಯುವುದಿಲ್ಲ. ಬ್ಯಾಗು ಕೊಳೆಯಾಗಿಯೇ ಇದೆ.