ಊಹೆ ತಪ್ಪಾಗಿದ್ದಕ್ಕೆ ನಕ್ಕ ಡಾಕ್ಟರು

2023ರ ದಸರಾ ರಜೆ ಮುಗಿದು ಶಾಲೆ ಆಗಷ್ಟೇ ಶುರುವಾಗಿತ್ತು. ಹಾವೇರಿಯಿಂದ ಅಗಡಿಯ ಶಾಲೆಗೆ ಪಾಠ ಮಾಡಲು ಹೋಗುವ ನನಗೆ ಪದೇಪದೇ ಮೂತ್ರಕ್ಕೆ ಹೋಗಬೇಕೆನಿಸತೊಡಗಿತು, ಉರಿಯೂ ಶುರುವಾಯಿತು. ಉಷ್ಣವಾಗಿರಬೇಕೆಂದು ಎಳನೀರು ಕುಡಿದೆ. ಒಂದು ಬೆಳಿಗ್ಗೆ ಮೂತ್ರದಲ್ಲಿ ರಕ್ತ ಕಂಡಿತು. ಗಂಡನಿಗೆ ಹೇಳಲೂ ನಾಚಿಕೆ. ಕೊನೆಗೆ ಅತ್ತೆಗೆ ಹೇಳಿದೆ.

"ಹುಚ್ಚಿ, ಇದರಾಗ ನಾಚಿಕಿ ಎಂಥಾದ? ನಡಿ ದವಾಖಾನಿಗೆ" ಎಂದು ಅಂದೇ ಹೊರಡಿಸಿದರು.

ಸ್ಕ್ಯಾನಿಂಗ್‌ನಲ್ಲಿ ಮೂತ್ರಕೋಶದೊಳಗೆ ಗಂಟು ಕಾಣಿಸಿತು. ರಾಣೆಬೆನ್ನೂರಿನ ತಜ್ಞರೊಬ್ಬರು ಸಣ್ಣ ಕ್ಯಾಮೆರಾ ಹಾಕಿ ನೋಡಿ, ಗಂಟಿನ ತುಣುಕು ತೆಗೆದರು. ಆಮೇಲೆ ನಮ್ಮನ್ನೆಲ್ಲ ಕೂರಿಸಿಕೊಂಡು, "ನೋಡಾಕ ಕ್ಯಾನ್ಸರ್ ಇದ್ದಂಗ ಐತ್ರಿ. ಮೂತ್ರಕೋಶನ ತೆಗೀಬೇಕಾಗಬಹುದು" ಎಂದರು.

ಅತ್ತೆ ಬಿಡಲಿಲ್ಲ. "ಕ್ಯಾನ್ಸರ್ ಅಂತ ಗಟ್ಟಿ ಆಗೈತೇನ್ರಿ ಸಾಹೇಬ್ರ?"

"ಇಲ್ರಿ ಅಮ್ಮಾ. ತುಣುಕಿನ ರಿಪೋರ್ಟ್ ಬರೂತನಕ ಗಟ್ಟಿ ಅಲ್ಲ."

"ಹಂಗಾರ ಅಲ್ಲೀತನಕ ನಮ್ಮ ಮನ್ಯಾಗ ಯಾರೂ ಆ ಹೆಸರು ಎತ್ತಂಗಿಲ್ಲ."

ಯಾರೂ ಎತ್ತಲಿಲ್ಲ. ಆದರೂ ನಾನು ಮಗಳಿಗೆ ತಾನೇ ಜಡೆ ಹೆಣೆದುಕೊಳ್ಳುವುದನ್ನು ಕಲಿಸತೊಡಗಿದೆ. "ಯಾಕವ್ವಾ, ಇನ್ನ ಮ್ಯಾಲೆ ನೀ ಹಾಕೂದಿಲ್ಲೇನು?" ಎಂದು ಅವಳು ಕೇಳಿದಾಗ ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಮೊದಲ ರಿಪೋರ್ಟ್‌ನಲ್ಲಿ ಕ್ಯಾನ್ಸರ್ ಇರಲಿಲ್ಲ. ಡಾಕ್ಟರಿಗೆ ಅಷ್ಟಕ್ಕೇ ಸಮಾಧಾನವಾಗದೆ ಅದೇ ತುಣುಕನ್ನು ಹುಬ್ಬಳ್ಳಿಯ ಇನ್ನೊಬ್ಬ ತಜ್ಞರಿಗೂ ಕಳಿಸಿದರು. ಅವರ ಉತ್ತರ ಬಂದ ದಿನ ಡಾಕ್ಟರೇ ನಾವು ಕೂತಲ್ಲಿಗೆ ಬಂದರು. "ಟೀಚರ್ರ, ಕ್ಯಾನ್ಸರ್ ಅಲ್ರಿ! ನನ್ನ ಊಹೆ ತಪ್ಪಾತು. ಹಿಂಗ ತಪ್ಪಾದ್ರ ನನಗ ಭಾಳ ಖುಷಿರಿ" ಎಂದು ಮನಬಿಚ್ಚಿ ನಕ್ಕರು.

ಅಲರ್ಜಿಯಾದಾಗ ಹೆಚ್ಚುವ ಒಂದು ಬಗೆಯ ರಕ್ತಕಣ ಮೂತ್ರಕೋಶದ ಗೋಡೆಯಲ್ಲಿ ಸೇರಿಕೊಂಡು ಬಾವು ಬಂದಿತ್ತಂತೆ. ಬಲು ಅಪರೂಪದ ಕಾಯಿಲೆ, ನೋಡಲು ಥೇಟ್ ಕ್ಯಾನ್ಸರ್ ಗಡ್ಡೆ. ಯಾಕೆ ಬಂತೆಂದು ಕೊನೆಗೂ ಗೊತ್ತಾಗಲಿಲ್ಲ. ಅತ್ತೆ ಬ್ಯಾಡಗಿಯ ನನ್ನ ತವರಿಗೆ ಫೋನ್ ಹಚ್ಚಿ, ಆಸ್ಪತ್ರೆಯೆಲ್ಲ ಕೇಳುವಂತೆ "ಏನೂ ಇಲ್ರೀ, ಬರೇ ಬಾವು!" ಎಂದು ಕೂಗಿದರು.

ಸ್ಟಿರಾಯ್ಡ್ ಮತ್ತು ಅಲರ್ಜಿಯ ಮಾತ್ರೆಗಳು ಶುರುವಾದವು. ಮುಖ ಊದಿಕೊಂಡಿತು. "ಅಕ್ಕೋರ, ದಪ್ಪ ಆಗೀರಿ" ಎಂದು ಶಾಲೆಯ ಹುಡುಗಿಯರು ನಕ್ಕರೆ ನನಗೂ ನಗು. ಕೆಲವು ತಿಂಗಳ ನಂತರ ಮತ್ತೆ ಕ್ಯಾಮೆರಾ ಹಾಕಿದಾಗ ಗಂಟು ಕರಗಿತ್ತು. ಮರುಕಳಿಸಬಹುದೆಂದು ಈಗಲೂ ಆಗಾಗ ತೋರಿಸಿಕೊಂಡು ಬರುತ್ತೇನೆ.

ಈಚೆಗೆ ನಮ್ಮ ಶಾಲೆಯ ಅಡುಗೆಯಾಕೆ ಇಂಥದೇ ತೊಂದರೆಯನ್ನು ತಲೆ ತಗ್ಗಿಸಿಕೊಂಡು ಹೇಳಿದಳು. ರಜೆ ಹಾಕಿ ನಾನೇ ಜೊತೆಗೆ ಹೋದೆ. ನನ್ನನ್ನು ಕಂಡ ಡಾಕ್ಟರು ಗಾಬರಿಯಾಗಿ, "ಮತ್ತೇನಾತ್ರಿ ಟೀಚರ್ರ?" ಎಂದರು.

"ನನಗಲ್ರಿ ಸರ್, ನಾ ಅರಾಮದೀನಿ. ಈಕೀನ್ನ ನೋಡ್ರಿ" ಎಂದೆ. ಅಡುಗೆಯಾಕೆಯ ಕೈ ಹಿಡಿದು ಅವರೆದುರಿನ ಕುರ್ಚಿಯಲ್ಲಿ ಕೂರಿಸಿದೆ.